ಕಲ್ಲಿನ ಹಟ

ಅವರ ಎದೆಯ ಎಲುಬುಗಳು ದೂರಕ್ಕೇ ಕಾಣುತ್ತಿದ್ದವು. ಮುಚ್ಚುಗೊರಳಿನ ಉದ್ದ ಕೋಟು, ಕೆಂಪು ಪಗಡಿ, ಹೆಗಲ ಮೇಲೊಂದು ಉಪರಣೆ ಇದ್ದಾಗ ಹೇಗೋ ಒಬ್ಬ ಗೃಹಸ್ಥನಂತೆ ತೋರುತ್ತಿದ್ದರು. ಅಷ್ಟನ್ನೂ ಕಳಚಿ ಬರಿಮೈಯಲ್ಲಿ ನಿಂತರೆ ಮುಗಿಯಿತು. ಜನಿವಾರ ಒಂದೊಂದು ಎಲುಬನ್ನು ಹತ್ತಿ ಇಳಿದು ಸೊಂಟದ ಕಡೆ ಹೋಗುತ್ತಿತ್ತು. ಅಂಥ ಎದೆಯ ಮೇಲೆ ವರ್ಷಕ್ಕೊಮ್ಮೆ ನಾಲ್ಕು ಜನ ಹೊತ್ತು ತರುವ ಕರಿಕಲ್ಲಿನ ಚಪ್ಪಡಿಯನ್ನು ಇಡಿಸಿಕೊಂಡು, ಅದರ ಮೇಲೆ ಕಬ್ಬಿಣದ ಸುತ್ತಿಗೆಯಿಂದ ಹೊಡೆಸಿಕೊಳ್ಳುತ್ತಿದ್ದರು. ಹೊಡೆಯುತ್ತಿದ್ದವನು ನಾನು.

ಅವರು ನಮ್ಮ ಶಾಲೆಯ ಶಾಸ್ತ್ರದ ಮಾಸ್ತರರು. ಶಾಸ್ತ್ರ ಅಂದರೆ ವೇದಶಾಸ್ತ್ರವಲ್ಲ, ಭೌತಶಾಸ್ತ್ರ. ಧಾರವಾಡದವರು, ನನಗಿಂತ ಬಹಳ ಹಿರಿಯರು. ನಾನು ಬೈಲಹೊಂಗಲದ ಕಡೆಯವನು. ಚಿತ್ರಕಲೆ ಕಲಿಸಲೆಂದು ಪುಣೆಗೆ ಬಂದು ಆ ಶಾಲೆ ಸೇರಿದಾಗ ನನಗೆ ಮರಾಠಿ ಸರಿಯಾಗಿ ಬರುತ್ತಿರಲಿಲ್ಲ. ಹುಡುಗರು ನನ್ನ ಮರಾಠಿ ಕೇಳಿ ನಗುತ್ತಿದ್ದರು, ನಾನು ಸಿಟ್ಟಿನಿಂದ ಅವರ ಕಿವಿ ಹಿಂಡುತ್ತಿದ್ದೆ. ಅದನ್ನು ನೋಡಿದ ಮಾಸ್ತರರು ಮೊದಲ ವಾರದಲ್ಲೇ ನನ್ನನ್ನು ತಡೆದು ನಿಲ್ಲಿಸಿದರು. "ಕನ್ನಡದಾಗ ಸಿಟ್ಟಿಗೇಳ್ರಿ, ಮರಾಠಿಯೊಳಗ ಕಲಸ್ರಿ. ಎರಡೂ ಕೂಡಿಸಬ್ಯಾಡ್ರಿ," ಎಂದರು. ಮರುದಿನವೇ ನಾರಾಯಣ ಪೇಠದ ತಮ್ಮ ವಾಡೆಯಲ್ಲಿ ಒಂದು ಖೋಲಿ ಖಾಲಿ ಇದೆಯೆಂದು ನನ್ನ ಟ್ರಂಕು ತಾವೇ ಒಂದು ಕಡೆ ಹಿಡಿದುಕೊಂಡು ಕರೆದೊಯ್ದರು. ಆ ದಿನದಿಂದ ನನ್ನ ಊಟ ಅವರ ಮನೆಯಲ್ಲೇ. ಅವರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ. ಮಕ್ಕಳಿರಲಿಲ್ಲ ಅವರಿಗೆ. ವೈನಿ ಗುಂಡಗಿನ ದೇಹದವರು, ಕೈಯೂ ದೊಡ್ಡದು, ಬಡಿಸಲು ನಿಂತರೆ ಸಾಕು ಅನ್ನುವ ಮಾತೇ ಅವರ ಕಿವಿಗೆ ಬೀಳುತ್ತಿರಲಿಲ್ಲ.

ಮಾಸ್ತರರಿಗೊಂದು ಚಟವಿತ್ತು. ಎಲ್ಲಿ ಯಾರು ಏನು ತಪ್ಪು ಹೇಳಿದರೂ ತಿದ್ದಬೇಕು. ಮಂಡಯಿ ಮಾರುಕಟ್ಟೆಯಲ್ಲಿ ಕಾಯಿಪಲ್ಯ ಮಾರುವವಳನ್ನು ಬಿಡುತ್ತಿರಲಿಲ್ಲ, ಟಾಂಗಾದವನನ್ನು ಬಿಡುತ್ತಿರಲಿಲ್ಲ. ಒಮ್ಮೆ ದೇವಸ್ಥಾನದಲ್ಲಿ ಕೀರ್ತನೆ ನಡೆದಾಗ ಹರಿದಾಸರು ಗ್ರಹಣದ ವಿಷಯ ಏನೋ ಅಂದರು. ಇವರು ಜನರ ನಡುವಿನಿಂದ ಎದ್ದು ನಿಂತು, ಕೈ ಜೋಡಿಸಿ, "ಮಹಾರಾಜ, ನೆರಳು ಆ ಕಡೆಯಿಂದ ಬರುವುದಿಲ್ಲ," ಎಂದು ಮರಾಠಿಯಲ್ಲಿ ಹೇಳಿಯೇಬಿಟ್ಟರು. ನಾನು ಪಕ್ಕದಲ್ಲಿ ಕೂತು ತಲೆ ತಗ್ಗಿಸಿದೆ. ಹರಿದಾಸರು ಪುಣ್ಯಕ್ಕೆ ನಕ್ಕು ಮುಂದೆ ಹೋದರು.

ಆದರೆ ತಮ್ಮ ತಪ್ಪಿಗೂ ಅಷ್ಟೇ ನಿಷ್ಠುರ. ಒಂದು ದಿನ ತರಗತಿಯಲ್ಲಿ ಹುಡುಗನೊಬ್ಬ ಕೇಳಿದನಂತೆ: ಓಡುವ ಟಾಂಗಾ ಗಕ್ಕನೆ ನಿಂತರೆ ಕೈಯಲ್ಲಿರುವ ತಂಬಿಗೆಯ ನೀರು ಯಾವ ಕಡೆ ಚೆಲ್ಲುತ್ತದೆ? ಇವರು ಯಾವುದೋ ಅವಸರದಲ್ಲಿ ಹಿಂದಕ್ಕೆ ಅಂದುಬಿಟ್ಟರು. ಸಂಜೆ ಮನೆಯಲ್ಲಿ ಚಹಾ ಕುಡಿಯುವಾಗ ನೆನಪಾಯಿತು. "ಅಯ್ಯೋ, ಮುಂದಕ್ಕ!" ಎಂದು ಕಪ್ಪು ಬಸಿ ಅಲ್ಲೇ ಬಿಟ್ಟು, ಆ ಸುರಿಯುವ ಮಳೆಯಲ್ಲಿ ಕಸಬಾ ಪೇಠದ ತನಕ ನಡೆದರು. ನಾನು ಕೊಡೆ ಹಿಡಿದು ಹಿಂದೆ. ಮಾಸ್ತರರು ಮನೆಗೇ ಬಂದದ್ದು ಕಂಡು ಹುಡುಗನ ತಂದೆ ಏನೋ ದೊಡ್ಡ ದೂರು ಬಂತೆಂದು ಮೊದಲು ಮಗನಿಗೆ ಎರಡು ಬಾರಿಸಿದ. ಆಮೇಲೆ ಏನು ಮಾಡಿದ್ದಾನೆ ಎಂದು ಕೇಳಿದ! "ಅವನೇನೂ ಮಾಡಿಲ್ಲ, ತಪ್ಪು ನನ್ನದು," ಎಂದು ಮಾಸ್ತರರು ಒಂದು ತಂಬಿಗೆ ನೀರು ತರಿಸಿ, ಆ ಒದ್ದೆ ಕೋಟಿನಲ್ಲೇ ಅಂಗಳದ ತುಂಬ ಓಡಿ ನಿಂತು ತೋರಿಸಿದರು. ನೀರು ಮುಂದಕ್ಕೆ ಚೆಲ್ಲಿ ಆ ತಂದೆಯ ಧೋತರ ನೆನೆಯಿತು.

ತಿರುಗಿ ಬರುವಾಗ ನಾನು ಗೊಣಗಿದೆ. "ನಾಳೆ ಹೇಳಿದ್ರ ಆಗ್ತಿದ್ದಿಲ್ಲೇನ್ರಿ ಮಾಸ್ತರ್?"

"ರಾತ್ರಿಯೆಲ್ಲಾ ಆ ಹುಡುಗ ತಪ್ಪು ಉತ್ತರ ಮಗ್ಗಲಾಗ ಇಟಗೊಂಡು ಮಲಗಬೇಕೇನು? ಯಾರೂ ಹಂಗ ಮಲಗಬಾರದ್ರಿ," ಎಂದರು. ಈ ಮಾತನ್ನು ಅವರು ಶಾಲೆಯಲ್ಲಿ ಎಷ್ಟು ಸಲ ಹೇಳುತ್ತಿದ್ದರೆಂದರೆ ಹುಡುಗರು ಅವರ ದನಿಯನ್ನೇ ಅನುಕರಿಸಿ ಒಬ್ಬರಿಗೊಬ್ಬರು ಹೇಳಿ ನಗುತ್ತಿದ್ದರು.

ಇನ್ನು ಆ ಕಲ್ಲಿನ ವಿಷಯ. ನಮ್ಮ ಶಾಲೆಯ ಗ್ಯಾದರಿಂಗಿನ ದಿನ, ಅಂದರೆ ವರ್ಷದ ಸ್ನೇಹಸಮ್ಮೇಳನದಲ್ಲಿ, ನಾಟಕಕ್ಕಿಂತ ಮೊದಲು ಮಾಸ್ತರರ ಕಲ್ಲು ಇರುತ್ತಿತ್ತು. ಅದಕ್ಕೇ ಅರ್ಧ ಪೇಠ ಬಂದು ಸೇರುತ್ತಿತ್ತು. ನಾನು ಶಾಲೆ ಸೇರಿದ ವರ್ಷವೇ, ಹಿಂದೆ ಹೊಡೆಯುತ್ತಿದ್ದ ವ್ಯಾಯಾಮದ ಶಿಕ್ಷಕರು ಕೆಲಸ ಬಿಟ್ಟು ಸಾತಾರೆಗೆ ಹೋಗಿದ್ದರು. ನಾನು ಊರಿನ ಗರಡಿಯಲ್ಲಿ ಬೆಳೆದವನು, ತೋಳು ದಪ್ಪ. ಮಾಸ್ತರರು ನನ್ನ ತೋಳನ್ನು ಮುಟ್ಟಿ ನೋಡಿ, "ನೀವ ಹೊಡೀರಿ," ಎಂದುಬಿಟ್ಟರು.

"ತಲಿ ಕೆಟ್ಟದೇನ್ರಿ ನಿಮಗ? ನಾ ಇಲ್ಲಿ ಚಿತ್ರ ತೆಗೀಲಿಕ್ಕೆ ಬಂದೀನಿ, ಬ್ರಹ್ಮಹತ್ಯಾ ಮಾಡ್ಲಿಕ್ಕೆ ಅಲ್ಲ," ಎಂದೆ.

ಅವರು ನಗಲಿಲ್ಲ, ಸಿಟ್ಟಾಗಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಪಡಸಾಲೆಯ ತೂಗುಮಂಚದ ಮುಂದೆ ನಿಲ್ಲಿಸಿದರು. "ಇದನ್ನ ಒಮ್ಮೆ ದಬ್ಬರಿ," ಎಂದರು. ದಬ್ಬಿದೆ. ಖಾಲಿ ಮಂಚ ಹಾರಿ ಗೋಡೆಗೆ ತಾಗುವುದರಲ್ಲಿತ್ತು. ಆಮೇಲೆ ಅಡಿಗೆಮನೆಯಿಂದ ವೈನಿಯನ್ನು ಕರೆದು ಅದರ ಮೇಲೆ ಕೂಡಿಸಿದರು. "ಈಗ ದಬ್ಬರಿ. ಅಷ್ಟ ಜೋರು. ಹೆಚ್ಚಿಲ್ಲ, ಕಡಿಮಿ ಇಲ್ಲ." ದಬ್ಬಿದೆ. ಮಂಚ ಬೇಕೋ ಬೇಡವೋ ಎಂಬಂತೆ ಅಲುಗಿತು.

"ನೋಡಿದ್ರೇನು? ನಿಮ್ಮ ಕೈ ಅದ, ಜೋರೂ ಅದ. ಆದ್ರ ಭಾರ ಹೆಚ್ಚಾತು, ವೇಗ ಏರೂದು ಕಡಿಮಿ ಆತು. ಕೂತದ್ದಕ್ಕ ಕೂತಲ್ಲೇ ಇರಬೇಕು ಅನ್ನೋ ಹಟ ಇರ್ತದ. ಅದಕ್ಕ ಜಡತ್ವ ಅಂತಾರ. ಎಷ್ಟು ಭಾರವೋ ಅಷ್ಟು ಹಟ."

"ಹುಡುಗೂರ ಮುಂದೂ ನಾನ, ಬಂದವರ ಮುಂದೂ ನಾನ," ಎಂದು ವೈನಿ ಸೆರಗಿನಿಂದ ಬೆವರು ಒರೆಸಿಕೊಂಡರು. "ದಪ್ಪ ಅದಾಳ ಅಂತ ಊರಿಗೆಲ್ಲಾ ತೋರಸೂದಕ್ಕ ಇವರಿಗೊಂದು ಶಾಸ್ತ್ರ ಬ್ಯಾರೆ!" ಹಾಗೆಂದು ಎದ್ದು ಒಳಗೆ ಹೋದರು. ಮಾಸ್ತರರು ನನಗೆ ಹೇಳಿದ ಮುಂದಿನ ಮಾತು ಅವರಿಗೆ ಕೇಳಿಸಲಿಲ್ಲ. ಒಳಗೆ ಒಗ್ಗರಣೆ ಸಿಡಿಯುತ್ತಿತ್ತು.

"ಕಲ್ಲೂ ಹಂಗರಿ. ನನ್ನ ಎದಿ ಮ್ಯಾಲಿನ ಕಲ್ಲು ಭಾರ ಇದ್ದಷ್ಟೂ ನಾ ಸುರಕ್ಷಿತ. ನೀವು ಹೊಡದ ಪೆಟ್ಟಿಗೆ ಅದು ಲಗೂನ ಅಲುಗೂದಿಲ್ಲ. ಪೆಟ್ಟು ಕಲ್ಲಿಗೆ, ನನಗ ಬರೇ ಭಾರ."

"ಹಗುರ ಕಲ್ಲಾದ್ರ?" ಎಂದು ಕೇಳಿದೆ.

"ಹಗುರಾದ್ರ ಅದಕ್ಕ ಹಟ ಕಡಿಮಿ. ಹೊಡದ ಕೂಡಲೇ ಓಡ್ತದ. ಓಡಲಿಕ್ಕೆ ದಾರಿ ಎಲ್ಲಿ ಅದ ಹೇಳ್ರಿ? ನನ್ನ ಎದಿಯೊಳಗ."

ಅವರು ಇದನ್ನು ಸಾರಿಗೆ ಉಪ್ಪು ಕಡಿಮೆ ಅನ್ನುವಷ್ಟು ಸಾದಾ ದನಿಯಲ್ಲಿ ಹೇಳಿದರು. ಅಷ್ಟು ಕೇಳಿದ ಮೇಲೂ ಆ ವರ್ಷ ಸುತ್ತಿಗೆಯನ್ನು ಎರಡು ಸಲ ಎತ್ತಿ ಕೆಳಗಿಳಿಸಿದೆ. ಎರಡು ಬೆಂಚು ಕೂಡಿಸಿ ಮಾಸ್ತರರು ಅಂಗಾತ ಮಲಗಿದ್ದರು. ಎದೆಯ ಮೇಲೆ ಮಡಿಸಿದ ಕೌದಿ, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಸುಣ್ಣದಲ್ಲಿ ಬರೆದ ಸ್ವಸ್ತಿಕ. ಹೊಡೆಯುವವನಿಗೆ ಅದೇ ಗುರಿ. "ಹೆದರಿ ಮೆಲ್ಲಕ ಹೊಡೀಬ್ಯಾಡ್ರಿ. ಒಡೀದಿದ್ರ ಮತ್ತೊಮ್ಮೆ ಹೊಡಿಬೇಕಾಗ್ತದ," ಎಂದು ಮೊದಲೇ ತಾಕೀತು ಮಾಡಿದ್ದರು. "ಹೂಂ" ಎಂದರು. ಹೊಡೆದೆ. ಢಣ್ಣೆಂದು ಕಲ್ಲು ಎರಡು ಹೋಳಾಯಿತು. ಮಾಸ್ತರರು ಎದ್ದು ಕೂತು, ಮೈಮೇಲಿನ ಪುಡಿ ಕೊಡವಿ, ಪಗಡಿ ಇಟ್ಟುಕೊಂಡು, ಯಾಕೆ ಹೀಗಾಯಿತು ಹೇಳಿ ನೋಡೋಣ ಎಂದು ಹುಡುಗರ ಕಡೆ ಬೆರಳು ತೋರಿಸಿದರು. ನಾನು ಹಿಂದೆ ಹೋಗಿ ಗೋಡೆಗೆ ಆತು ಕೂತುಬಿಟ್ಟೆ.

ವೈನಿ ಈ ಆಟ ನೋಡಲು ಎಂದೂ ಬಂದವರಲ್ಲ. ಆ ಹೊತ್ತಿಗೆ ಮನೆಯಲ್ಲಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕಣ್ಣು ಮುಚ್ಚಿ ಕೂಡುವರು. ಯಾರಾದರೂ ಹುಡುಗರು ಓಡಿಹೋಗಿ, ಎದ್ದರು ಎಂದು ಹೇಳಿದ ಮೇಲೇ ಒಂದು ಗುಟುಕು ನೀರು. ಹೀಗೆ ವರ್ಷಗಳು ಹೋದವು. ನನಗೂ ರೂಢಿಯಾಯಿತು.

ಆ ಒಂದು ವರ್ಷ ಮಳೆಗಾಲ ಮುಗಿಯುತ್ತಲೇ ಮಾಸ್ತರರಿಗೆ ವಿಷಮಜ್ವರ ಬಂತು. ತಿಂಗಳುಗಟ್ಟಲೆ ಮಲಗಿದರು. ಎದ್ದಾಗ ಇದ್ದ ಅಷ್ಟಿಷ್ಟು ಮಾಂಸವೂ ಹೋಗಿತ್ತು. ಶಾಲೆಯಲ್ಲಿ ಎಲ್ಲರೂ ಈ ಸಲ ಕಲ್ಲು ಬೇಡವೆಂದರು. ಹೆಡ್‌ಮಾಸ್ತರರು ಬೇಡವೆಂದರು. ನಾನಂತೂ ಜಗಳವನ್ನೇ ಆಡಿದೆ. "ಕಲ್ಲಿಗೆ ನನ್ನ ಜ್ವರ ಗೊತ್ತಿಲ್ಲರಿ," ಎಂದು ಮಾಸ್ತರರು ಎಲ್ಲರ ಬಾಯಿ ಮುಚ್ಚಿಸಿದರು. ಆ ಮಾತು ಸುಳ್ಳೂ ಆಗಿರಲಿಲ್ಲ. ವೈನಿ ಮಾತ್ರ ಒಂದು ಮಾತೂ ಆಡಲಿಲ್ಲ. ಗ್ಯಾದರಿಂಗಿನ ದಿನ ಹೊಸ ಇಳಕಲ್ಲ ಸೀರೆ ಉಟ್ಟು, "ಈ ಸಲ ನಾನೂ ಬರ್ತೀನಿ," ಎಂದಾಗ ನಾನು ಆಶ್ಚರ್ಯಪಟ್ಟೆ. ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂತರು.

ಕಲ್ಲು ಬಂತು. ಹೊತ್ತು ತಂದವರು ಆ ವರ್ಷ ಹೊಸದಾಗಿ ಮೇಲಿನ ತರಗತಿಗೆ ಬಂದ ಹುಡುಗರು, ಹಿಂದೆ ಎಂದೂ ಎತ್ತಿದವರಲ್ಲ. ಕೌದಿ ಈ ಸಲ ದಪ್ಪಗಿತ್ತು, ಅಂಚುಗಳು ಮೇಲೆ ಬಂದು ಕಲ್ಲಿನ ಬದಿಯನ್ನು ಮುಚ್ಚಿದ್ದವು. ಜ್ವರದ ಮೈಗೆ ಒತ್ತಬಾರದೆಂದು ವೈನಿ ಕಳಿಸಿದ್ದಾರೆ ಅಂದುಕೊಂಡೆ. ಮೇಲೆ ನಿಂತವನಿಗೆ ಕಾಣುವುದು ಕಲ್ಲಿನ ಮುಖ ಮಾತ್ರ. ಅದೇ ಉದ್ದ, ಅದೇ ಅಗಲ, ಅದೇ ಸ್ವಸ್ತಿಕ.

ಎದೆಯ ಮೇಲೆ ಕಲ್ಲು ಇಟ್ಟ ಕೂಡಲೇ ಮಾಸ್ತರರ ಹುಬ್ಬು ಏರಿತು. ಜನರ ಕಡೆ ಮುಖ ಹೊರಳಿಸಿ, "ಆಜ್ ದಗಡ್ ಹಲಕಾ ವಾಟತೋ!" ಎಂದರು, ಇವತ್ತು ಕಲ್ಲು ಹಗುರ ಅನ್ನಿಸುತ್ತದೆ ಅಂತ. ಅವರ ಮುಖ ಅರಳಿತ್ತು. ತಿಂಗಳುಗಟ್ಟಲೆ ಎಲ್ಲರ ಬಾಯಲ್ಲಿ ಸೊರಗಿದಿರಿ, ಸೊರಗಿದಿರಿ ಎಂದೇ ಕೇಳಿದ್ದ ಮನುಷ್ಯ. ಮೈಯಲ್ಲಿ ಬಲ ತಿರುಗಿ ಬಂತೆಂದು ತಿಳಿದರು. "ನೋಡ್ರಿ, ನಿಮ್ಮ ವೈನಿ ಕೈಯಿನ ಗಂಜಿ," ಎಂದು ನನಗೆ ಮೆಲ್ಲಗೆ ಕನ್ನಡದಲ್ಲಿ ಅಂದು, ಕಣ್ಣು ಮುಚ್ಚಿ, "ಹೂಂ" ಎಂದರು.

ಹೊಡೆದೆ. ಢಣ್ಣೆಂಬ ಸದ್ದು ಬರಲಿಲ್ಲ. ಧಪ್ಪೆಂದು, ಹಾಸಿಗೆಯ ಗಂಟನ್ನು ಬಡಿದ ಹಾಗೆ ಒಂದು ಸದ್ದು. ಸುತ್ತಿಗೆ ನಿಲ್ಲಲೇ ಇಲ್ಲ, ಕಲ್ಲಿನ ಜೊತೆಗೇ ಕೆಳಗೆ ಹೋಯಿತು. ಹೋಗುವುದು ನನ್ನ ಎರಡೂ ಕೈಗೆ ತಿಳಿಯಿತು. ಕಲ್ಲು ಬಿರಿಯಿತು, ಆದರೆ ಬಿರಿಯುವ ಮೊದಲೇ ಒಳಗೆ ಹೋಗಿತ್ತು. ಮಾಸ್ತರರ ಬಾಯಿಂದ ಒಂದು ಉಸಿರು ಬಂತು, ಅಷ್ಟೇ. ಕೂಗಲೂ ಇಲ್ಲ. ನಾವು ಹೋಳುಗಳನ್ನು ಕಿತ್ತು ಎಸೆದಾಗ ನೋಡುತ್ತೇನೆ, ಯಾವಾಗಲೂ ಬರುವ ಕಲ್ಲಿನ ಅರ್ಧ ದಪ್ಪವೂ ಇಲ್ಲ! ಹುಡುಗರು ಚೀರುತ್ತಿದ್ದರು. ವೈನಿ ಎದ್ದು ನಿಂತಿದ್ದರು, ಬಾಯಿ ತೆರೆದೇ ಇತ್ತು. ಅಯ್ಯೋ ದೇವರೇ, ನಾನು ಕೊಂದುಬಿಟ್ಟೆ, ಕೊಂದುಬಿಟ್ಟೆ ಎಂದು ನಾನು ಕನ್ನಡದಲ್ಲಿ ಒದರುತ್ತಿದ್ದೆನಂತೆ. ಅದು ನನಗೆ ನೆನಪಿಲ್ಲ, ಆಮೇಲೆ ಬೇರೆಯವರು ಹೇಳಿದ್ದು.

ಎದೆಯ ಎಲುಬುಗಳು ಮುರಿದು ಒಂದು ಒಳಗೆ ಚುಚ್ಚಿತ್ತು. ಬದುಕುವುದು ಕಷ್ಟವೆಂದರು ಡಾಕ್ಟರರು. ಮರುದಿನ ಹೆಡ್‌ಮಾಸ್ತರರೂ ಸಮಿತಿಯವರೂ ಆಸ್ಪತ್ರೆಗೆ ಬಂದರು. ಹೊರಗೆ ಅದಾಗಲೇ ಮಾತು ಹಬ್ಬಿತ್ತು: ಆ ಕಾನಡಿ ಡ್ರಾಯಿಂಗ್ ಮಾಸ್ತರ ಜಾಸ್ತಿ ಜೋರಿನಿಂದ ಹೊಡೆದ, ಗರಡಿಯ ಸೊಕ್ಕು. ಪೊಲೀಸರಿಗೆ ತಿಳಿಸಬೇಕು ಎನ್ನುವವರೂ ಇದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಒಳಗೆ ಹೋಗುವ ಧೈರ್ಯ ಇರಲಿಲ್ಲ. ಮಾಸ್ತರರು ಕಣ್ಣು ತೆರೆದು, ಒಂದೊಂದು ಮಾತಿಗೂ ಉಸಿರು ಹುಡುಕುತ್ತಾ ಹೇಳಿದರು: "ಅವರ ಪೆಟ್ಟು ಪ್ರತಿ ವರ್ಷದ್ದೇ. ತೆಳು ಕಲ್ಲು ತರಿಸಿದವನು ನಾನು. ಅವರಿಗೆ ತಿಳಿಸಿರಲಿಲ್ಲ."

ಅಷ್ಟರಿಂದ ನನ್ನ ನೌಕರಿ ಉಳಿಯಿತು, ಹೆಸರೂ ಉಳಿಯಿತು. ಆದರೆ ನನಗೆ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು. ಎಂಥಾ ಸಿಟ್ಟು! ಹಗುರ ಕಲ್ಲು ಓಡಿಬಂದು ಎದೆಯೊಳಗೆ ಹೋಗುತ್ತದೆ ಎಂದು ನನಗೆ ಕಲಿಸಿದವರೇ ಇವರು. ತಿಳಿದು ತಿಳಿದು ತರಿಸಿದರೆ? ಏನು ಪರೀಕ್ಷೆ ಮಾಡಲು ಹೊರಟಿದ್ದರು? ಅದಕ್ಕೆ ನನ್ನ ಕೈಯೇ ಬೇಕಿತ್ತೇ? ಮೇಲೆ "ಹಲಕಾ ವಾಟತೋ" ಎಂಬ ನಾಟಕ ಬೇರೆ! ಅವರು ಬದುಕಿ ಮನೆಗೆ ಬಂದ ಮೇಲೆ ಒಮ್ಮೆ ಕೇಳಿಯೇಬಿಟ್ಟೆ. "ಯಾಕ ಮಾಡಿದ್ರಿ ಹಿಂಗ?"

ಯಾವ ಪ್ರಶ್ನೆಗೂ ಉತ್ತರ ಹೇಳದೆ ಬಿಡದ ಮನುಷ್ಯ ಕಿಟಕಿಯ ಕಡೆ ನೋಡಿದರು. "ಬಿಡ್ರಿ ಅದನ್ನ," ಎಂದರು.

ಮುಂದೆ ಅವರು ಕೆಲವು ವರ್ಷ ಬದುಕಿದರು. ತರಗತಿಯ ಕೊನೆಯ ಬೆಂಚಿಗೆ ಕೇಳುತ್ತಿದ್ದ ದನಿ ಹೋಗಿ ಬರೀ ಪಿಸುಮಾತು ಉಳಿದಿತ್ತು. ಹುಡುಗರು ಮುಂದೆ ಸರಿದು ಕೂತು ಕೇಳುತ್ತಿದ್ದರು. ಲಕಡೀ ಪೂಲ್ ಸೇತುವೆಯ ಏರು ಹತ್ತುವಾಗ ನಡುವೆ ನಿಂತು ನಿಂತು ನಡೆಯುತ್ತಿದ್ದರು. ನಾನು ಅವರ ಜೊತೆ ಊಟ ಮಾಡಿದೆ, ಹಬ್ಬ ಮಾಡಿದೆ, ಆದರೆ ಒಳಗಿನ ಸಿಟ್ಟು ಪೂರ್ತಿ ಕರಗಲಿಲ್ಲ. ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ಚಳಿಗಾಲದಲ್ಲಿ ನೆಗಡಿ ಎಂದು ಮಲಗಿದವರು ಆ ಮುರುಕು ಎದೆಯಿಂದ ಕೆಮ್ಮನ್ನು ಹೊರಹಾಕಲಾಗದೆ ಹೋಗಿಬಿಟ್ಟರು. ಓಂಕಾರೇಶ್ವರದ ಹತ್ತಿರ, ಮುಠಾ ನದಿಯ ದಂಡೆಯಲ್ಲಿ ಅವರನ್ನು ಸುಟ್ಟು ಬಂದೆವು.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ವೈನಿ ತೂಗುಮಂಚದ ಮೇಲೆ ಕೂತಿದ್ದರು. ಸೊರಗಿ ಹೋಗಿದ್ದರು. ಧಾರವಾಡಕ್ಕೆ ತಮ್ಮನ ಮನೆಗೆ ಹೋಗುವುದೆಂದು ಗಂಟು ಕಟ್ಟುವುದು ನಡೆದಿತ್ತು. ನನಗೆ ಅವಲಕ್ಕಿ ಹಚ್ಚಿ ಕೊಟ್ಟು, ಆ ಮಾತು ಈ ಮಾತು ಆಡುತ್ತಾ ಒಮ್ಮೆಲೇ ನಕ್ಕರು.

"ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ನಿಮಗ ಹೇಳ್ತೀನಿ. ಆ ಕಲ್ಲು ತೆಳ್ಳಗ ಮಾಡಿಸಿದಾಕಿ ನಾನು. ಪರ್ವತಿ ಗುಡ್ಡದ ಬುಡದಾಗ ಪ್ರತಿ ವರ್ಷ ಆ ಕಲ್ಲು ಕಡದು ಕೊಡೋ ಮೇಸ್ತ್ರಿ ಇದ್ದನಲ್ಲ, ಅವನ ಕಡೆ ನಾನ ಹೋಗಿದ್ದೆ. ಮುಖ ಅಷ್ಟ ಇರ್ಲಿ, ದಪ್ಪ ಅರ್ಧ ತೆಗಿಯಪ್ಪಾ ಅಂದೆ. ಜ್ವರದಿಂದ ಎದ್ದ ಮೈ, ಅಷ್ಟು ಭಾರ ಹೆಂಗ ತಡಕೊಂಡಾರು ಹೇಳ್ರಿ? ಕೌದಿ ಸುತ್ತಿ ಬದಿ ಮುಚ್ಚಿದವಳೂ ನಾನ."

ನನ್ನ ಕೈಯಲ್ಲಿನ ಅವಲಕ್ಕಿ ಕೈಯಲ್ಲೇ ಉಳಿಯಿತು. ಅವರು ಹೇಳುತ್ತಲೇ ಇದ್ದರು.

"ಆ ಪೆಟ್ಟಿಗೆ ದಪ್ಪ ಕಲ್ಲ ಇದ್ದಿದ್ರ ಅವತ್ತ ಹೋಗೇಬಿಡ್ತಿದ್ರು. ದೇವರು ನನಗ ಬುದ್ಧಿ ಕೊಟ್ಟ. ಅಷ್ಟು ವರ್ಷ ನನ್ನ ಕುಂಕುಮ ಉಳದದ್ದು ಆ ತೆಳು ಕಲ್ಲಿನಿಂದ."

ಅವಲಕ್ಕಿಯನ್ನು ತಿರುಗಿ ತಟ್ಟೆಗೆ ಹಾಕಿ ಕೇಳಿದೆ. "ಮಾಸ್ತರಿಗೆ ಗೊತ್ತಿತ್ತೇನ್ರಿ ಇದು?"

"ಹೇಳಿದ್ನಲ್ಲ! ಅವತ್ತ ದವಾಖಾನ್ಯಾಗ, ಕಣ್ಣು ಬಿಟ್ಟ ಕೂಡಲೇ ಹೇಳಿದೆ. ಬೈತಾರೇನೋ ಅಂತ ಹೆದರಿದ್ದೆ. ಭಾಳ ಹೊತ್ತು ನನ್ನ ಮಾರಿನ ನೋಡಿದ್ರು. ಆಮ್ಯಾಲೆ ನನ್ನ ಕೈ ಹಿಡದು, ಛಲೋ ಮಾಡಿದಿ, ನೀನ ಉಳಿಸಿದಿ ಅಂದ್ರು. ಮರುದಿವಸ ಹೆಡ್‌ಮಾಸ್ತರ ಮುಂದ ನಾನ ತರಿಸಿದ್ದೆ ಅಂದ್ರಂತ! ನೋಡ್ರಿ, ಬುದ್ಧಿ ನಂದು, ಹೆಸರು ಅವರದು." ವೈನಿ ನಗುತ್ತಾ ಕಣ್ಣು ಒರೆಸಿಕೊಂಡರು.

ಹರಿದಾಸರನ್ನು ತುಂಬಿದ ಸಭೆಯಲ್ಲಿ ತಿದ್ದಿದ ಮನುಷ್ಯ. ಒಂದು ತಂಬಿಗೆ ನೀರಿಗಾಗಿ ಮಳೆಯಲ್ಲಿ ಕಸಬಾ ಪೇಠಕ್ಕೆ ನಡೆದ ಮನುಷ್ಯ. ಅವರು ಅಷ್ಟು ವರ್ಷ, ಪ್ರತಿ ರಾತ್ರಿ, ಆ ತಪ್ಪು ಉತ್ತರವನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದರು. ನಾನು ಎಂಥ ಸಿಟ್ಟನ್ನು ಯಾರ ಮೇಲೆ ಇಟ್ಟುಕೊಂಡು ಅವರ ಮನೆಯ ಅನ್ನ ಉಂಡೆ!

ಮಂಚದ ಸರಪಳಿ ಕಿರ್ರೆಂದಿತು. ವೈನಿ ಮುಂದಕ್ಕೆ ಬಾಗಿ, ಮೆತ್ತಗೆ, ಬೇಸರ ಪಡಬಾರದೆಂಬ ಹಾಗೆ ಅಂದರು. "ನಿಮಗೊಂದು ಮಾತು ಹೇಳ್ಲೇನು? ಸಿಟ್ಟಾಗಬ್ಯಾಡ್ರಿ. ಅವತ್ತ ನೀವು ಸ್ವಲ್ಪ ಜಾಸ್ತಿನ ಜೋರ ಹೊಡದ್ರಿ. ಅಲ್ಲೇನ್ರಿ? ಕಲ್ಲು ತೆಳ್ಳಗಿದ್ರೂ ಅಷ್ಟು ಪೆಟ್ಟಾತಲ್ಲ."

ಮಾಸ್ತರರು ಕುಳಿತುಕೊಳ್ಳುತ್ತಿದ್ದ ಮಣೆ ಗೋಡೆಗೆ ಆನಿಸಿ ಇಟ್ಟಿತ್ತು. ನಾನು ಅದನ್ನೇ ನೋಡಿದೆ.

"ಹೌದ್ರಿ ವೈನಿ," ಎಂದೆ. "ಅವತ್ತ ನನ್ನ ಕೈ ಭಾಳ ಜೋರ ಬಿತ್ತು. ನಿಮ್ಮ ಕಲ್ಲಿನಿಂದ ಅವರು ಉಳದ್ರು."

"ಇರ್ಲಿ ಬಿಡ್ರಿ," ಎಂದರು ವೈನಿ. "ನಾ ಅದನ್ನ ಎಂದೋ ಮರತೀನಿ." ಇನ್ನಷ್ಟು ಅವಲಕ್ಕಿ ತರಲು ಒಳಗೆ ಹೋದರು.